ಮೂರು ಪಾಸ್‌ಬುಕ್ಕುಗಳು

ಹಲಸೂರಿನ ನಮ್ಮ ಮನೆಯ ತಗಡಿನ ಪೆಟ್ಟಿಗೆಯಲ್ಲಿ ಮೂರು ಪಾಸ್‌ಬುಕ್ಕುಗಳಿವೆ. ತಾತನದರ ಮೇಲೆ ಮೈಸೂರು ಬ್ಯಾಂಕು ಎಂದೂ, ತಾಯಿಯದರ ಮೇಲೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದೂ, ವಿದ್ಯಾರ್ಥಿವೇತನಕ್ಕಾಗಿ ತೆರೆದ ನನ್ನದರ ಮೇಲೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಎಂದೂ ಇದೆ. ಈ ಹೆಸರುಗಳು ಹೇಗೆ ಬದಲಾದುವೆಂದು ತಿಳಿಯಹೊರಟುದರ ಫಲವೇ ಈ ಲೇಖನ.

1809ರಲ್ಲಿ ಹುಟ್ಟಿದ ದಂಡು ಪ್ರದೇಶಕ್ಕೂ ಪೇಟೆಗೂ ಆಡಳಿತವೇ ಬೇರೆಯಾಗಿದ್ದುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. 1947ರವರೆಗೂ ದಂಡು ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿತ್ತು. ಬ್ಯಾಂಕುಗಳೂ ಹಾಗೆಯೇ ಎರಡು ದಾರಿ ಹಿಡಿದುವು. ಬ್ರಿಟಿಷರ ಕಡೆಯದು 1843ರ ಮದ್ರಾಸ್ ಬ್ಯಾಂಕು. ಅದು 1921ರಲ್ಲಿ ಬಂಗಾಳ, ಬೊಂಬಾಯಿ ಬ್ಯಾಂಕುಗಳೊಡನೆ ಸೇರಿ ಇಂಪೀರಿಯಲ್ ಬ್ಯಾಂಕಾಗಿ, 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕಾಯಿತು. ಸಂಸ್ಥಾನದ ಕಡೆಯದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರ ಅಕ್ಟೋಬರ್ 2ರಂದು ಆರಂಭವಾದ ಮೈಸೂರು ಬ್ಯಾಂಕು. 1960ರಲ್ಲಿ ಇದು ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು. 2017ರ ಏಪ್ರಿಲ್ 1ರಂದು ಅದರಲ್ಲೇ ಲೀನವಾಯಿತು. ಆದರೂ ಬಸ್ಸಿನ ಕಂಡಕ್ಟರು ಇಂದಿಗೂ 'ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್' ಎಂದೇ ಕೂಗುತ್ತಾನೆ!

ತಾತ ದೂರವಾಣಿನಗರದ ಕಾರ್ಖಾನೆಯಲ್ಲಿ ಕೂಲಿಯಾಗಿದ್ದವರು. ಸಹಿಯ ಜಾಗದಲ್ಲಿ ಅವರ ಹೆಬ್ಬೆಟ್ಟಿನ ಗುರುತಿದೆ. ಅವರ ಪುಸ್ತಕದ ಮೊದಲ ಪುಟಗಳಲ್ಲಿ ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದೆ. 1957ರ ಏಪ್ರಿಲ್‌ನಿಂದ ಆಚೆಗೆ ನಯೇ ಪೈಸೆ. ಹದಿನಾರು ಆಣೆ ನೂರು ಪೈಸೆಯಾದದ್ದನ್ನು ಓದುಬಾರದ ತಾತ ಹೇಗೆ ಅರಗಿಸಿಕೊಂಡರೋ!

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ತಾಯಿಯ ಪುಸ್ತಕ. ಆಕೆ ಶಿವಾಜಿನಗರದಲ್ಲಿ ಹೂ ಮಾರುವವಳು. ಹಣ ಕಟ್ಟಿದ ತಾರೀಖುಗಳೆಲ್ಲ ತಿಂಗಳ ಹತ್ತರೊಳಗೇ ಇವೆ. ಕಾರಣ ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ತಿಳಿಯಿತು. 2010ರ ಮಾರ್ಚ್‌ವರೆಗೆ ಉಳಿತಾಯ ಖಾತೆಗೆ ದಿನದಿನದ ಲೆಕ್ಕದಲ್ಲಿ ಬಡ್ಡಿ ಇರಲಿಲ್ಲ. ಹತ್ತನೆಯ ತಾರೀಖಿನಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿದ್ದ ಅತಿ ಕಡಮೆ ಮೊತ್ತಕ್ಕೆ ಮಾತ್ರ ಬಡ್ಡಿ. ಎಲ್ಲ ಬ್ಯಾಂಕುಗಳಿಗೂ ಇದೇ ನಿಯಮ. ಹನ್ನೊಂದರಂದು ಕಟ್ಟಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿಯಿಲ್ಲ.

ಒಂದು ಕಡೆ ಮಾತ್ರ ಲೆಕ್ಕ ತಪ್ಪಿದೆ. 2008ರ ಜುಲೈ 28ರಂದು ಖಾತೆಯಲ್ಲಿದ್ದ 1,000 ರೂಪಾಯಿಯಲ್ಲಿ 600 ತೆಗೆದಿದ್ದಾಳೆ. ಆಗಿನ ದರ ವರ್ಷಕ್ಕೆ ಶೇಕಡ 3.5. ಇಪ್ಪತ್ತೇಳು ದಿನ ಸಾವಿರ ರೂಪಾಯಿ ಇದ್ದರೂ ಬಡ್ಡಿ ಸಂದದ್ದು ನಾನೂರಕ್ಕೆ. ನಷ್ಟ 1 ರೂಪಾಯಿ 75 ಪೈಸೆ. 2010ರ ಏಪ್ರಿಲ್ 1ರಿಂದ ಬಂದ ದಿನವಹಿ ಕ್ರಮದಲ್ಲಾದರೆ ಸುಮಾರು 23 ಪೈಸೆ ಮಾತ್ರ ಹೋಗುತ್ತಿತ್ತು.

ಈ ಪಾಂಡಿತ್ಯವನ್ನೆಲ್ಲ ತಾಯಿಯ ಮುಂದೆ ಬಿಚ್ಚಿದೆ. ಆಕೆ ಹೂ ಕಟ್ಟುತ್ತಲೇ, "ಹತ್ತರೊಳಗೆ ಕಟ್ಟಬೇಕು, ತಿಂಗಳ ಕೊನೇಲಿ ಮುಟ್ಟಬಾರದು. ಅದು ನಮ್ಮ ಸಾಲಿನ ಹೂವಿನೋರಿಗೆಲ್ಲ ಗೊತ್ತಿತ್ತು" ಎಂದಳು.

ಹಾಗಾದರೆ ಈ ಇಪ್ಪತ್ತೆಂಟು ಏಕೆಂದು ಕೇಳಿದೆ.

"ನಿನಗೆ ಆಗ ಜ್ವರ ಕಣೋ. ಒಂದನೇ ತಾರೀಖಿನವರೆಗೂ ಕಾಯೋಕಾಗ್ತಿತ್ತಾ?" ಎಂದಳು.