ಮಗ್ಗದ ಪಾಠ: ನೂಲು ನಡೆಯುವ ದಾರಿ

ನೇಯಿಗೆಯನ್ನು ಕಲಿಯಬೇಕೆಂದು ಬರುವ ಯೌವನಸ್ಥರಲ್ಲಿ ಹೆಚ್ಚಿನವರು ಮೊದಲನೆಯ ದಿವಸವೇ ಲಾಳಿಯನ್ನು ಓಡಿಸಲಿಕ್ಕೆ ಆತುರಪಡುತ್ತಾರೆ. ಕೈಯೂ ಕಾಲೂ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತವೆ. ಅರಿವೆಯೂ ಗೇಣುಗೇಣಾಗಿ ಬೆಳೆಯುತ್ತದೆ. ಆದರೆ ಅರಿವೆಯ ಮೇಲೆ ಒಂದು ಗೆರೆ ಬಿದ್ದಿತೆಂದರೆ ಅದು ಎಲ್ಲಿಂದ ಬಂತೆಂಬದು ಅವರಿಗೆ ತಿಳಿಯದು. ಒಬ್ಬನು ನೂಲನ್ನು ಬೈಯುತ್ತಾನೆ, ಮತ್ತೊಬ್ಬನು ಮಗ್ಗವನ್ನು ಬೈಯುತ್ತಾನೆ, ಮೂರನೆಯವನು ಕಂಡೂ ಕಾಣದವನಂತೆ ನೇಯುತ್ತಾ ಹೋಗುತ್ತಾನೆ. ಕಡೆಗೆ ಕೊಳ್ಳುವವನು ಅರಿವೆಯನ್ನು ಬೆಳಕಿಗೆ ಹಿಡಿದು ನೋಡಿ ಕೂಲಿಯಲ್ಲಿ ಮುರಿದುಕೊಳ್ಳುವನು. ಮನೆಯವರೆಲ್ಲರೂ ದುಡಿದ ದುಡಿಮೆಯು ಒಂದು ಎಳೆಯ ದೆಸೆಯಿಂದ ಕಡಿಮೆಯಾಗುವದು. ಆದಕಾರಣ ಈ ಪಾಠದಲ್ಲಿ ಕೈಯ ಚುರುಕನ್ನಲ್ಲ, ನೂಲಿನ ದಾರಿಯನ್ನು ಹೇಳುತ್ತೇವೆ. ನೂಲು ಹಿಂದಿನಿಂದ ಮುಂದಕ್ಕೆ ಯಾವ ಯಾವ ಅಂಗಗಳನ್ನು ಹಾದು ಬರುತ್ತದೋ ಅದನ್ನು ಬಲ್ಲವನು ತಪ್ಪನ್ನು ತಾನೇ ಹುಡುಕಿ ತಾನೇ ತಿದ್ದಬಲ್ಲನು.

ನಮ್ಮ ಸೀಮೆಯಲ್ಲಿ ಕೈಮಗ್ಗಗಳು ಮುಖ್ಯವಾಗಿ ಎರಡು ವಿಧವಾಗಿವೆ. ಇಳಕಲ್, ಗುಳೇದಗುಡ್ಡ ಮೊದಲಾದ ಊರುಗಳಲ್ಲಿ ನೇಯಿಗಾರನು ನೆಲದ ಅಂಚಿನಲ್ಲಿ ಕೂತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ನೇಯುವನು, ಇದು ಗುಂಡಿಮಗ್ಗ. ಮತ್ತೊಂದು ಮರದ ನಾಲ್ಕು ಕಂಬಗಳ ಮೇಲೆ ನೆಲದ ಮೇಲೆಯೇ ನಿಲ್ಲುವ ಚೌಕಟ್ಟಿನ ಮಗ್ಗ. 1851ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಹಾಲ್ಲರ್ ಎಂಬ ನೇಯಿಗೆ ಬಲ್ಲವರು ಯೂರೋಪಿನ ಮಾದರಿಯ ಚೌಕಟ್ಟಿನ ಮಗ್ಗಗಳನ್ನು ಅಲ್ಲಿ ನಡಿಸಿದರು. ಸಭೆಗೆ ಸೇರಿದ್ದರಿಂದ ಮನೆಯನ್ನೂ ಕಸುಬನ್ನೂ ಕಳಕೊಂಡ ಅನೇಕರಿಗೆ ಅದು ಅನ್ನದ ದಾರಿಯಾಯಿತು. ಮೊದಲನೆಯ ಮಹಾಯುದ್ಧದ ದೆಸೆಯಿಂದ ಆ ಕಾರ್ಖಾನೆಗಳು ಮಿಷನಿನ ಕೈಬಿಟ್ಟುಹೋದವು. ಗುಂಡಿಮಗ್ಗವನ್ನು ಹೀನವೆಂದು ಎಣಿಸುವವರಿದ್ದಾರೆ, ಅದು ಸರಿಯಲ್ಲ. ಗುಂಡಿಯ ತಂಪಿನಿಂದ ಹತ್ತಿಯ ನೂಲು ಮೆತ್ತಗಿದ್ದು ಬೇಸಗೆಯಲ್ಲಿಯೂ ಅಷ್ಟಾಗಿ ಹರಿಯುವದಿಲ್ಲ. ಆದರೆ ಮಳೆ ಹೆಚ್ಚಾಗಿರುವ ಕರಾವಳಿಯಲ್ಲಿ ಗುಂಡಿಗೆ ನೀರು ಏಳುವ ಭಯವಿರುವದರಿಂದ ಅಲ್ಲಿಗೆ ಚೌಕಟ್ಟಿನ ಮಗ್ಗವೇ ತಕ್ಕದ್ದು. ಕೆಳಗೆ ಹೇಳುವದು ಚೌಕಟ್ಟಿನ ಮಗ್ಗದ ವಿಷಯವಾಗಿದ್ದರೂ ಅಂಗಗಳ ಕೆಲಸವು ಎರಡರಲ್ಲಿಯೂ ಒಂದೇ.

ಮೊದಲು ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಅರಿವೆಯ ಉದ್ದಕ್ಕೆ ಹೋಗುವ ನೂಲು ಹಾಸು. ಅಡ್ಡಲಾಗಿ ಹೋಗುವ ನೂಲು ಹೊಕ್ಕು. ಹಾಸು ಮಗ್ಗದ ಮೇಲೆ ಬಿಗಿಯಾಗಿ ನಿಲ್ಲುತ್ತದೆ, ಹೊಕ್ಕು ಲಾಳಿಯೊಳಗೆ ಸಂಚರಿಸುತ್ತದೆ.

ಹಾಸನ್ನು ಸುತ್ತಿರುವ ದಪ್ಪ ಮರದ ಉರುಳೆಯು ಮಗ್ಗದ ಹಿಂದುಗಡೆ ಇರುತ್ತದೆ. ಇದೇ ನೇಯಿಗಾರರ ಕುಂಟೆ. ಗೊಲ್ಯಾತನ ಬರ್ಜಿಯ ಹಿಡಿಕೆಯನ್ನು ಇದಕ್ಕೆ ಹೋಲಿಸಿರುವದನ್ನು ಓದಿದವರು ಒಂದು ಸಾರಿ ಇದನ್ನು ಕೈಯಲ್ಲಿ ಎತ್ತಿನೋಡಿದರೆ ಆ ಮಾತಿನ ಭಾರವು ತಿಳಿಯುವದು. ಕುಂಟೆಯ ಒಂದು ತುದಿಯಲ್ಲಿ ಹಲ್ಲಿನ ಗಾಲಿಯೂ ಅದು ತಾನಾಗಿ ತಿರುಗದಂತೆ ತಡೆಯುವ ನಾಲಿಗೆಯೂ ಇವೆ. ಕುಂಟೆಯಿಂದ ಹೊರಟ ಎಳೆಗಳು ಒಂದು ಅಡ್ಡಮರದ ಮೇಲೆ ಹತ್ತಿ ಮಟ್ಟವಾಗಿ ಮುಂದಕ್ಕೆ ಬರುತ್ತವೆ. ಆ ಮೇಲೆ ಎರಡು ನುಣುಪಾದ ಕೋಲುಗಳಿವೆ. ಒಂದು ಎಳೆ ಮೊದಲನೆಯ ಕೋಲಿನ ಮೇಲೂ ಎರಡನೆಯದರ ಕೆಳಗೂ ಹೋದರೆ, ಅದರ ಪಕ್ಕದ ಎಳೆ ಮೊದಲನೆಯದರ ಕೆಳಗೂ ಎರಡನೆಯದರ ಮೇಲೂ ಹೋಗುತ್ತದೆ. ನೋಡುವದಕ್ಕೆ ಅಲ್ಪವಾದ ಈ ಕೋಲುಗಳಿಂದಲೇ ಸಾವಿರ ಎಳೆಗಳು ತಮ್ಮ ತಮ್ಮ ಸರದಿಯನ್ನು ತಪ್ಪದೆ ಇರುತ್ತವೆ. ಎಳೆ ಹರಿದಾಗ ಅದರ ಸ್ಥಳವನ್ನು ಇಲ್ಲಿಯೇ ಹುಡುಕಬೇಕು. ಕಲಿಯುವವನು ಈ ಕೋಲುಗಳನ್ನು ಹೊರಗೆ ಎಳೆಯಲೇ ಕೂಡದು.

ಕೋಲುಗಳ ಮುಂದೆ ಮಗ್ಗದ ಮೇಲ್ಭಾಗದಿಂದ ತೂಗುವ ಚೌಕಟ್ಟುಗಳಿವೆ. ಕಾರ್ಖಾನೆಯವರು ಇವುಗಳನ್ನು ಹೀಲ್ಡು ಎನ್ನುತ್ತಾರೆ. ಒಂದೊಂದರಲ್ಲಿ ನೂರಾರು ದಾರಗಳು ಮೇಲಿಂದ ಕೆಳಕ್ಕೆ ಕಟ್ಟಲ್ಪಟ್ಟಿದ್ದು, ಪ್ರತಿ ದಾರದ ನಡುವೆ ಸೂಜಿಗಣ್ಣಿನಂಥ ಒಂದು ಕಣ್ಣು ಇದೆ. ಸಾದಾ ನೇಯಿಗೆಗೆ ಎರಡು ಚೌಕಟ್ಟುಗಳು ಸಾಕು: ಮೊದಲನೆಯ, ಮೂರನೆಯ, ಐದನೆಯ ಎಳೆಗಳು ಒಂದರ ಕಣ್ಣುಗಳಲ್ಲಿ, ಎರಡನೆಯ, ನಾಲ್ಕನೆಯ, ಆರನೆಯ ಎಳೆಗಳು ಮತ್ತೊಂದರ ಕಣ್ಣುಗಳಲ್ಲಿ ಹೋಗಬೇಕು. ಎಳೆಗಳು ಒತ್ತಾಗಿದ್ದರೆ ನಾಲ್ಕು ಚೌಕಟ್ಟುಗಳನ್ನು ಇಟ್ಟು, ಎರಡೆರಡನ್ನು ಜೊತೆಯಾಗಿ ಕಟ್ಟುವದು ಒಳ್ಳೇದು. ಕಣ್ಣುಗಳು ಒಂದಕ್ಕೊಂದು ಉಜ್ಜಿ ಎಳೆಗಳು ಹರಿಯುವದು ಇದರಿಂದ ತಪ್ಪುತ್ತದೆ. ಚೌಕಟ್ಟುಗಳು ಮೇಲೆ ರಾಟೆಯ ಮೂಲಕ ಒಂದಕ್ಕೊಂದು ಸೇರಿ, ಕೆಳಗೆ ಕಾಲು ಹಲಗೆಗಳಿಗೆ ಕಟ್ಟಲ್ಪಟ್ಟಿವೆ. ಬಲಗಾಲಿನ ಹಲಗೆಯನ್ನು ತುಳಿದರೆ ಒಂದು ಚೌಕಟ್ಟು ಇಳಿಯುವದು, ಮತ್ತೊಂದು ಏಳುವದು. ಹಾಸಿನ ಅರ್ಧ ಎಳೆಗಳು ಮೇಲೂ ಅರ್ಧ ಎಳೆಗಳು ಕೆಳಗೂ ಆಗಿ ನಡುವೆ ಬಾಯಿ ತೆರೆಯುವದು.

ಅಲ್ಲಿಂದ ಎಳೆಗಳು ಫಣಿಗೆ ಬರುತ್ತವೆ. ಇದು ಎರಡೂ ಕಡೆ ಮುಚ್ಚಿದ ಉದ್ದವಾದ ಹಣಿಗೆಯಂತಿದೆ. ಹಲ್ಲಿನ ಸಂದು ಒಂದಕ್ಕೆ ಎರಡು ಎಳೆಗಳಂತೆ ಹಾಯಿಸುವದು ಸಾಮಾನ್ಯ ಪದ್ಧತಿ. ಫಣಿಯು ಮುಂದಕ್ಕೂ ಹಿಂದಕ್ಕೂ ತೂಗುವ ಒಂದು ಭಾರವಾದ ಹಲಗೆಯಲ್ಲಿ ಕೂತಿದೆ. ಹಲಗೆಯ ಮೇಲ್ಭಾಗವು ಲಾಳಿಯ ರಸ್ತೆ. ಅದರ ಎರಡು ತುದಿಗಳಲ್ಲಿಯೂ ಲಾಳಿ ನಿಲ್ಲುವ ಪೆಟ್ಟಿಗೆಗಳಿವೆ. ಪೂರ್ವದಲ್ಲಿ ನೇಯಿಗಾರನು ಲಾಳಿಯನ್ನು ಒಂದು ಕೈಯಿಂದ ಎಸೆದು ಮತ್ತೊಂದರಿಂದ ಹಿಡಿಯುತ್ತಿದ್ದನು. ತೋಳಿಗೆ ಎಟುಕದಷ್ಟು ಅಗಲದ ಅರಿವೆಗೆ ಇಬ್ಬರು ಬೇಕಾಗಿತ್ತು. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬವನು ಪೆಟ್ಟಿಗೆಯೊಳಗೆ ಲಾಳಿಯನ್ನು ತಳ್ಳುವ ತುಂಡನ್ನು ಇಟ್ಟು ಅದಕ್ಕೆ ಹಗ್ಗ ಕಟ್ಟಿದನು. ನಡುವಿನ ಹಿಡಿಯನ್ನು ಒಂದೇ ಕೈಯಿಂದ ಎಳೆದರೆ ಲಾಳಿ ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಹಾರುತ್ತದೆ. ಲಾಳಿಯ ಹೊಟ್ಟೆಯಲ್ಲಿ ಹೊಕ್ಕಿನ ನೂಲು ಸುತ್ತಿದ ಕಂಡಿಕೆಯು ಇರುತ್ತದೆ. ನೂಲು ಪಕ್ಕದ ಸಣ್ಣ ಕಣ್ಣಿನಿಂದ ಬಿಚ್ಚಿಕೊಂಡು ಬರುತ್ತದೆ. ನೇಯ್ದು ಮುಗಿದ ಅರಿವೆಯು ನೇಯಿಗಾರನ ಎದೆಯ ಮುಂದಿನ ಅಡ್ಡಮರವನ್ನು ದಾಟಿ ಮುಂದಿನ ಕುಂಟೆಗೆ ಸುತ್ತಿಕೊಳ್ಳುತ್ತದೆ.

ಹೀಗಿರಲಾಗಿ ಮಗ್ಗದ ಕೆಲಸವೆಲ್ಲಾ ಮೂರೇ ಚಲನೆಗಳು: ಕಾಲು ತುಳಿದು ಬಾಯಿ ತೆರೆಯುವದು, ಲಾಳಿಯನ್ನು ಹಾಯಿಸುವದು, ಹಲಗೆಯನ್ನು ಎಳೆದು ಹೊಕ್ಕನ್ನು ಬಡಿದು ಕೂಡಿಸುವದು. ಕೆಲವು ಅಂಗುಲ ನೇಯ್ದ ಮೇಲೆ ಹಿಂದಿನ ಕುಂಟೆಯನ್ನು ಸಡಿಲಿಸಿ ಮುಂದಿನದನ್ನು ಸುತ್ತಬೇಕು. ಒಂದು ಅಂಗುಲಕ್ಕೆ 40 ಹೊಕ್ಕು ಬೀಳುವ ಅರಿವೆಯಾದರೆ ಒಂದು ಗಜಕ್ಕೆ ಈ ಮೂರು ಚಲನೆಗಳು 1440 ಸಾರಿ ನಡೆಯಬೇಕು. ನಿಮಿಷಕ್ಕೆ 60 ಹೊಕ್ಕಿನಂತೆ ಎಲ್ಲಿಯೂ ನಿಲ್ಲದೆ ಹಾಕಿದರೆ 24 ನಿಮಿಷ. ಆದರೆ ನಿಲ್ಲದೆ ನೇಯುವ ಮಗ್ಗವು ಲೋಕದಲ್ಲಿಲ್ಲ.

ನೂಲಿನ ಲೆಕ್ಕವನ್ನೂ ಇಲ್ಲಿಯೇ ಕಲಿಯತಕ್ಕದ್ದು. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ಬರುತ್ತವೋ ಅದೇ ಹತ್ತಿನೂಲಿನ ನಂಬರು. 20ನೇ ನಂಬರಿನಲ್ಲಿ ಪೌಂಡಿಗೆ 20 ಲಡಿಗಳು. ಫಣಿಯಲ್ಲಿ 36 ಅಂಗುಲ ಅಗಲ, ಅಂಗುಲಕ್ಕೆ 40 ಎಳೆ, 20 ಗಜ ಉದ್ದದ ಹಾಸು ಬೇಕೆಂದು ಇಟ್ಟುಕೊಳ್ಳಿರಿ. 36ನ್ನು 40ರಿಂದ ಗುಣಿಸಿದರೆ 1440 ಎಳೆಗಳು. 20 ಗಜಕ್ಕೆ 28,800 ಗಜ ನೂಲು. ಲಡಿಗಳು 34ಕ್ಕಿಂತ ಸ್ವಲ್ಪ ಹೆಚ್ಚು. ತೂಕ ಒಂದೂಮುಕ್ಕಾಲು ಪೌಂಡಿಗೆ ತುಸು ಕಡಿಮೆ, ಅಂದರೆ ಸುಮಾರು 780 ಗ್ರಾಂ. ಈ ಲೆಕ್ಕವನ್ನು ಬಲ್ಲವನಿಗೆ ನೂಲು ಕೊಡುವವನು ತೂಕದಲ್ಲಿ ಕಡಿಮೆ ಮಾಡಲಾರನು. ಆದರೆ 20 ಗಜದ ಹಾಸಿನಿಂದ 20 ಗಜದ ಅರಿವೆ ಬರುವದಿಲ್ಲವೆಂದು ನೆನಪಿರಲಿ: ನೇಯುವಾಗ ಹಾಸು ಕುಗ್ಗುತ್ತದೆ, ಕೊನೆಯಲ್ಲಿ ಚೌಕಟ್ಟುಗಳ ಹಿಂದಿನ ತುಂಡು ನೇಯಲಿಕ್ಕೆ ಬಾರದೆ ಉಳಿಯುತ್ತದೆ. ಆ ಉಳಿದ ತುಂಡನ್ನು ಕಣ್ಣುಗಳಿಂದ ಕಿತ್ತುಹಾಕದೆ ಅಲ್ಲಿಯೇ ಬಿಟ್ಟರೆ ಹೊಸ ಹಾಸಿನ ಎಳೆಗಳನ್ನು ಅದಕ್ಕೆ ಒಂದೊಂದಾಗಿ ಹೊಸೆದು ಎಳೆದುಕೊಳ್ಳಬಹುದು. 1440 ಕಣ್ಣುಗಳಲ್ಲಿ ತಿರಿಗಿ ಎಳೆ ಪೋಣಿಸುವ ಶ್ರಮವು ಉಳಿಯುತ್ತದೆ.

ಲೆಕ್ಕದಲ್ಲಿ ಮತ್ತೊಂದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಲಡಿಗೆ ಗಂಜಿ ಹಾಕಿ ಒಣಗಿಸುವವರು, ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವವರು, ಹಾಸಿನ ಎಳೆಗಳನ್ನು ಹೊಸೆಯುವವರು ಹೆಚ್ಚಾಗಿ ಮನೆಯ ಹೆಂಗಸರು. ಮಗ್ಗದ ಮೇಲೆ ಕೂತವನ ಕೂಲಿಯನ್ನು ಮಾತ್ರ ಎಣಿಸಿ ಬೆಲೆ ಕಟ್ಟುವವನು ತನ್ನ ಹೆಂಡತಿಯ ದುಡಿಮೆಯನ್ನು ಪುಕ್ಕಟೆಯಾಗಿ ಮಾರುತ್ತಾನೆಂದು ನಾವು ಹೇಳುತ್ತೇವೆ. ಅವಳು ಕಂಡಿಕೆಯನ್ನು ಸಡಿಲವಾಗಿ ಸುತ್ತಿದರೆ ಅರಿವೆಯು ಹೇಗೆ ಕೆಡುವದೆಂಬದನ್ನು ಕಂಡವನು ಆ ಕೆಲಸವನ್ನು ಅಲ್ಪವೆನ್ನಲಾರನು.

ಇನ್ನು ತಪ್ಪುಗಳ ವಿಷಯ. ಅರಿವೆಯ ಉದ್ದಕ್ಕೂ ಒಂದೇ ಸ್ಥಳದಲ್ಲಿ ಗೆರೆ ಬರುತ್ತಿದ್ದರೆ ಅದು ಲಾಳಿಯಿಂದಾಗಲಿ ಬಡಿತದಿಂದಾಗಲಿ ಬಂದದ್ದಲ್ಲ. ಹಾಸು ಮಾತ್ರ ಉದ್ದಕ್ಕೆ ಹೋಗುತ್ತದೆ. ಆದದರಿಂದ ತಪ್ಪು ಚೌಕಟ್ಟಿನಲ್ಲಿ ಇಲ್ಲವೆ ಫಣಿಯಲ್ಲಿ ಇರಬೇಕು. ಯಾವದರಲ್ಲಿ? ಒಂದು ಸೂಜಿಯನ್ನು ತೆಗೆದುಕೊಂಡು ಗೆರೆಯ ಹತ್ತಿರದ ಎಳೆಗಳನ್ನು ಬಿಡಿಸಿ ನೋಡಿರಿ. ಅಕ್ಕಪಕ್ಕದ ಎರಡು ಎಳೆಗಳು ಜೊತೆಯಾಗಿ ಏಳುತ್ತಾ ಜೊತೆಯಾಗಿ ಇಳಿಯುತ್ತಾ ಇದ್ದರೆ ಅವೆರಡೂ ಒಂದೇ ಚೌಕಟ್ಟಿಗೆ ಪೋಣಿಸಲ್ಪಟ್ಟಿವೆ, ಇಲ್ಲವೆ ನಡುವಿನ ಎಳೆ ಹರಿದುಹೋಗಿದೆ. ಎಳೆಗಳು ಒಂದು ಮೇಲೆ ಒಂದು ಕೆಳಗೆ ಎಂಬ ಕ್ರಮವನ್ನು ತಪ್ಪದೆ, ಒತ್ತಾಗಿ ಅಥವಾ ಬಿಡಿಯಾಗಿ ನಿಂತಿದ್ದರೆ ತಪ್ಪು ಫಣಿಯದು: ಒಂದು ಸಂದಿನಲ್ಲಿ ಮೂರು ಎಳೆಗಳು ಸೇರಿವೆ, ಅಥವಾ ಒಂದು ಸಂದು ಬರಿದಾಗಿದೆ, ಅಥವಾ ಹಲ್ಲು ಬಾಗಿದೆ. ಹೊಸ ಹಾಸನ್ನು ಕಟ್ಟಿದಾಗ ನಾಲ್ಕು ಅಂಗುಲ ನೇಯ್ದು, ಅಲ್ಲಿಗೆ ನಿಲ್ಲಿಸಿ ಹೀಗೆ ಪರೀಕ್ಷಿಸುವದು ವಾಡಿಕೆಯಾಗಲಿ. ನಾಲ್ಕು ಅಂಗುಲದಲ್ಲಿ ತಿದ್ದಿದ ತಪ್ಪಿಗೆ ಅರ್ಧ ತಾಸು ಹೋಗುವದು. ತಿದ್ದದೆ ಬಿಟ್ಟರೆ 20 ಗಜವೂ ಕೆಡುವದು.

ಅಡ್ಡಲಾಗಿ ಬೀಳುವ ಪಟ್ಟೆಗಳಿಗೆ ಕಾರಣ ಬೇರೆ. ಒಮ್ಮೆ ಬಲವಾಗಿ ಒಮ್ಮೆ ಮೆಲ್ಲಗೆ ಬಡಿಯುವದು, ಹಾಸಿನ ಬಿಗಿಯು ಹೆಚ್ಚುಕಡಿಮೆಯಾಗುವದು, ಇವುಗಳಿಂದಲೇ ಪಟ್ಟೆಗಳು ಬೀಳುತ್ತವೆ. ಊಟಕ್ಕೆ ಎದ್ದು ಬಂದ ಮೇಲೆ ಪಟ್ಟೆ ಬೀಳುತ್ತದೆಂದು ಅನೇಕರು ದೂರುವರು. ಹಾಸನ್ನು ಬಿಗಿಯಾಗಿಯೇ ಬಿಟ್ಟುಹೋದರೆ ಎಳೆಗಳು ಹಿಗ್ಗುತ್ತವೆ. ಏಳುವಾಗ ಹಿಂದಿನ ಕುಂಟೆಯ ನಾಲಿಗೆಯನ್ನು ಎತ್ತಿ ಸಡಿಲಿಸಿ, ತಿರಿಗಿ ಕೂತಾಗ ಬಿಗಿಯನ್ನು ಕೈಯಿಂದ ಮುಟ್ಟಿ ಸರಿಮಾಡಿ, ಮೊದಲಿನ ಕೆಲವು ಹೊಕ್ಕುಗಳನ್ನು ಜಾಗ್ರತೆಯಾಗಿ ಬಡಿಯಬೇಕು.

ಅರಿವೆಯ ಅಂಚುಗಳು ಒಳಕ್ಕೆ ಸೇದಿ ಅಂಚಿನ ಎಳೆಗಳು ಪದೇಪದೇ ಹರಿಯುತ್ತಿದ್ದರೆ ಲಾಳಿಯಲ್ಲಿ ಹೊಕ್ಕು ಬಿಗಿಯಾಗಿದೆ, ಅಥವಾ ಅರಿವೆಯನ್ನು ಅಗಲಕ್ಕೆ ಹಿಡಿದಿರುವ ಮೊಳೆಯ ಕೋಲನ್ನು ಮುಂದಕ್ಕೆ ಸರಿಸಲಿಕ್ಕೆ ನೇಯಿಗಾರನು ಮರೆತಿದ್ದಾನೆ.

ಲಾಳಿಯು ದಾರಿಬಿಟ್ಟು ಹೊರಗೆ ಹಾರುವದು ಎಲ್ಲಾದರಲ್ಲಿ ಅಪಾಯಕರವಾದ ದೋಷ. ಅದರ ತುದಿಗಳಿಗೆ ಉಕ್ಕಿನ ಮೊನೆಗಳಿವೆ, ಅದು ಕೂತವರ ಮುಖದ ಮಟ್ಟದಲ್ಲಿಯೇ ಹಾರುತ್ತದೆ. ಕಂಡಿಕೆ ತಂದುಕೊಡುವ ಮಕ್ಕಳನ್ನು ಮಗ್ಗದ ಎರಡು ತುದಿಗಳಲ್ಲಿ ಎಂದಿಗೂ ಕೂಡ್ರಿಸಬೇಡಿರಿ. ಒಂದು ಕಣ್ಣು ಹೋದರೆ ಯಾವ ಕೂಲಿಯೂ ಅದನ್ನು ತರಲಾರದು. ಲಾಳಿ ಹಾರಿದರೆ ಬಾಯಿ ಸಾಕಷ್ಟು ತೆರೆದಿದೆಯೋ, ಕೆಳಗಿನ ಎಳೆಗಳಲ್ಲಿ ಯಾವದಾದರೂ ಸಡಿಲವಾಗಿ ರಸ್ತೆಯಿಂದ ಮೇಲಕ್ಕೆ ಎದ್ದಿದೆಯೋ, ಫಣಿಯೂ ಪೆಟ್ಟಿಗೆಯ ಹಿಂಗೋಡೆಯೂ ಒಂದೇ ಗೆರೆಯಲ್ಲಿವೆಯೋ, ತಳ್ಳುವ ತುಂಡು ಸವೆದು ಲಾಳಿಯ ಮೊನೆಯನ್ನು ಸೊಟ್ಟಗೆ ಮಾಡುತ್ತದೆಯೋ ಎಂದು ಇದೇ ಕ್ರಮದಲ್ಲಿ ನೋಡಬೇಕು. ಹೆಚ್ಚಾಗಿ ಮೊದಲನೆಯದೇ ಕಾರಣವಾಗಿರುವದು; ಕಾಲು ಹಲಗೆಯ ಹಗ್ಗವು ಹಿಗ್ಗಿ ಸಡಿಲಾಗಿದ್ದರೆ ಅದನ್ನು ಬಿಗಿದು ಕಟ್ಟುವದರಿಂದಲೇ ಸರಿಯಾಗುವದು.

ಹಳೆಯ ಮಗ್ಗವನ್ನು ಸಾಲಮಾಡಿ ಕೊಳ್ಳಲಿರುವವರಿಗೆ ಒಂದು ಮಾತು. ಮರ ನೋಡುವದಕ್ಕೆ ಚೆನ್ನಾಗಿದೆಯೆಂದು ಹಣವನ್ನು ಎಣಿಸಬೇಡಿರಿ. ಒಂದು ಹಗ್ಗವನ್ನು ತೆಗೆದುಕೊಂಡು ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಎರಡು ಸಾರಿ ಅಳೆಯಿರಿ. ಎರಡೂ ಅಳತೆಗಳು ಸಮವಾಗದಿದ್ದರೆ ಮಗ್ಗವು ಸೊಟ್ಟಾಗಿದೆ, ಅದರಲ್ಲಿ ಅರಿವೆಯೂ ಸೊಟ್ಟಾಗಿ ಬರುವದು. ಕುಂಟೆಯನ್ನು ತಿರುಗಿಸಿ ಡೊಂಕಿದೆಯೋ ನೋಡಿರಿ. ಡೊಂಕು ಕುಂಟೆಯಿಂದ ಹಾಸು ಒಂದು ಕಡೆ ಬಿಗಿಯಾಗಿ ಮತ್ತೊಂದು ಕಡೆ ಸಡಿಲವಾಗಿರುವದು. ಹಲ್ಲಿನ ಗಾಲಿಯಲ್ಲಿ ಮುರಿದ ಹಲ್ಲುಗಳಿವೆಯೋ ಎಣಿಸಿರಿ. ಫಣಿಯ ಹಲ್ಲುಗಳ ಮೇಲೆ ಹೆಬ್ಬೆರಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ತುಕ್ಕು ಹಿಡಿದಲ್ಲಿ ಬೆರಳು ತಡೆಯುವದು, ನೂಲೂ ಅಲ್ಲಿಯೇ ಹರಿಯುವದು. ಫಣಿಯನ್ನೂ ಹಗ್ಗಗಳನ್ನೂ ಬದಲಾಯಿಸಬಹುದು. ಸೊಟ್ಟ ಚೌಕಟ್ಟನ್ನು ಬಡಗಿಯ ಕೈಯಿಂದ ಬಿಚ್ಚಿ ಕೂಡಿಸದೆ ಸರಿಮಾಡಲಾಗದು. ಆ ಖರ್ಚನ್ನು ಮೊದಲೇ ಕೇಳಿ, ಬೆಲೆಯಲ್ಲಿ ಕಳೆದು ಮಾತಾಡತಕ್ಕದ್ದು.