ಎಲ್ಲರೂ ಕಾಯುವ ಅಂಕ, ಯಾರೂ ಕಾಯದ ಪಾಠ

ಪ್ರಶ್ನೆ: ನನಗೆ 16 ವರ್ಷ. ಓಟದ ತರಬೇತಿಗೆಂದು ಶಾಲೆ ಬಿಟ್ಟು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿಗೆ ಸೇರಿದ್ದೇನೆ. ಬೆಳಿಗ್ಗೆ ಐದಕ್ಕೆ ಮೈದಾನ, ಆಮೇಲೆ ಆನ್‌ಲೈನ್ ಕ್ಲಾಸು. ಕ್ಯಾಮೆರಾ ಆಫ್ ಮಾಡಿ ಮಲಗಿದರೂ ಕೇಳುವವರಿಲ್ಲ. ಅಪ್ಪ ಮಾತ್ರ ‘ಮನೇಲೇ ಕೂತು ಓದೋದು, ತೊಂಬತ್ತಕ್ಕಿಂತ ಕಡಿಮೆ ಬರಬಾರದು’ ಅಂತಾರೆ. ಪುಸ್ತಕ ತೆರೆದರೆ ಎದೆ ಡವಡವ ಅನ್ನುತ್ತದೆ, ಮುಚ್ಚಿಬಿಡುತ್ತೇನೆ. ನಾನು ಸೋಮಾರಿಯೇ?

ಉತ್ತರ: ಸೋಮಾರಿಗಳು ಬೆಳಗಿನ ಐದಕ್ಕೆ ಮೈದಾನದಲ್ಲಿರುವುದಿಲ್ಲ. ನಿಮ್ಮನ್ನು ಕಾಡುತ್ತಿರುವುದು ಭಯ. ಮೊದಲ ಪುಟದಲ್ಲೇ ತೊಂಬತ್ತು ಅಂಕ ಕಣ್ಣಿಗೆ ಕಟ್ಟಿದರೆ ಯಾರಿಗಾದರೂ ಪುಸ್ತಕ ಮುಚ್ಚಬೇಕೆನಿಸುತ್ತದೆ.

ಮೈದಾನದಲ್ಲಿ ಏನಾಗುತ್ತದೆ, ನೋಡಿ. ಕೋಚ್ ನಿಮಗಾಗಿ ಕಾದಿರುತ್ತಾರೆ. ಒಂದು ದಿನ ಹೋಗದಿದ್ದರೆ ವಿಚಾರಿಸುತ್ತಾರೆ. ಅವರು ಕೇಳುವುದು ಒಲಿಂಪಿಕ್ ಪದಕವನ್ನಲ್ಲ, ಹೋದ ವಾರಕ್ಕಿಂತ ತುಸು ಚುರುಕಾದ ಓಟವನ್ನು. ಓದಿನಲ್ಲಿ ಇದು ತಲೆಕೆಳಗಾಗಿದೆ. ಪರದೆಯಾಚೆ ಇರುವವರು ಏನನ್ನೂ ಕೇಳುತ್ತಿಲ್ಲ, ಅಪ್ಪ ಎಲ್ಲವನ್ನೂ ಒಟ್ಟಿಗೇ ಕೇಳುತ್ತಿದ್ದಾರೆ. ಇವತ್ತಿನ ಪಾಠ ಏನಾಯಿತು ಎನ್ನುವವರೇ ಇಲ್ಲ.

ಹೀಗೆ ಕಾಯುವವರಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. 1968ರಲ್ಲಿ ಅಮೆರಿಕದ ಸಂಶೋಧಕರಾದ ರೊಸೆಂಥಾಲ್ ಮತ್ತು ಜೇಕಬ್‌ಸನ್ ಒಂದು ಅಧ್ಯಯನ ಪ್ರಕಟಿಸಿದರು. ‘ಈ ಮಕ್ಕಳು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ’ ಎಂದು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಹೇಳಲಾಗಿತ್ತು. ಹೆಸರುಗಳನ್ನು ಆರಿಸಿದ್ದು ಮಾತ್ರ ಚೀಟಿ ಎತ್ತಿದ ಹಾಗೆ. ಮೊದಲೆರಡು ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಹೆಚ್ಚು ಮುಂದೆ ಬಂದರು. ಈ ಅಧ್ಯಯನದ ಬಗ್ಗೆ ವಿದ್ವಾಂಸರ ಜಗಳ ಬೇಕಾದಷ್ಟಿದೆ, ಅದಿರಲಿ. ಶಿಕ್ಷಕರ ನಂಬಿಕೆ ಮಗುವನ್ನು ಮುಟ್ಟುವುದು ನೋಟದಿಂದ, ಇನ್ನೊಂದು ಪ್ರಶ್ನೆಯಿಂದ, ತಿದ್ದುವ ಮಾತಿನಿಂದ. ಕ್ಯಾಮೆರಾ ಆಫ್ ಆದರೆ ಆ ದಾರಿಯೇ ಮುಚ್ಚಿದಂತೆ.

ಆದ್ದರಿಂದ ಮೊದಲು, ನಿಮಗಾಗಿ ಕಾಯುವ ಒಬ್ಬರನ್ನು ಮಾಡಿಕೊಳ್ಳಿ. ಇಷ್ಟವಾದ ಒಬ್ಬ ಶಿಕ್ಷಕಿಗೆ, ‘ಮೇಡಂ, ಪ್ರತಿ ಶುಕ್ರವಾರ ಒಂದು ಉತ್ತರ ಬರೆದು ಕಳಿಸ್ತೀನಿ, ಬರದಿದ್ದರೆ ಕೇಳ್ತೀರಾ?’ ಎಂದು ಮೆಸೇಜು ಮಾಡಿ. ಅವರ ತರಗತಿಯಲ್ಲಷ್ಟೇ ಕ್ಯಾಮೆರಾ ಆನ್ ಇರಲಿ. ಅಂತಿಮ ಪರೀಕ್ಷೆಗಿಂತ ಮುಂಚೆ, ಶಿಕ್ಷಕರು ಅಂಕ ಹಾಕುವ ಟಿಎಂಎ ಅಸೈನ್‌ಮೆಂಟ್ ಹಿಡಿಯಿರಿ.

ಅಪ್ಪನ ‘ತೊಂಬತ್ತು’ ನನಗೆ ಸಿಟ್ಟಿನಂತೆ ಕೇಳುತ್ತಿಲ್ಲ. ಶಾಲೆ ಬಿಡಿಸಿ ತಪ್ಪು ಮಾಡಿದೆನೋ ಎಂಬ ಅಳುಕು ಅವರಿಗೂ ಇದ್ದೀತು. ಎದೆ ಡವಡವ ಅನ್ನುವುದನ್ನು ಅವರಿಗೆ ಹೇಳಿದ್ದೀರಾ? ಎನ್‌ಐಒಎಸ್‌ನಲ್ಲಿ ಐದು ವರ್ಷದೊಳಗೆ 9 ಬಾರಿ ಪರೀಕ್ಷೆ ಬರೆಯಲು ಅವಕಾಶವಿದೆ, ಪಾಸಾದ ವಿಷಯದ ಅಂಕ ಕೈಬಿಟ್ಟು ಹೋಗುವುದಿಲ್ಲ ಎಂಬುದನ್ನೂ ತಿಳಿಸಿ. ಅಂಕದ ಬದಲು, ರಾತ್ರಿ ಊಟಕ್ಕೆ ಕೂತಾಗ ‘ಇವತ್ತು ಏನು ಓದಿದೆ?’ ಎಂದಷ್ಟೇ ಕೇಳುವಂತೆ ಒಪ್ಪಿಸಿ. ಈ ಮಾತು ಇದನ್ನೋದುತ್ತಿರುವ ಬೇರೆ ಅಪ್ಪಂದಿರಿಗೂ.

ಇಷ್ಟಾದ ಮೇಲೂ ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ ಅಥವಾ ಮೈದಾನವೂ ಬೇಡವೆನಿಸಿದರೆ, ತಡಮಾಡದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಸಿಗುತ್ತಾರೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.