ವೈಫೈ ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಪತ್ತೆ ಮಾಡೋಣ ಬನ್ನಿ

ಮಕ್ಕಳೇ, ಶುಕ್ರವಾರ ಬಂತೆಂದರೆ ನಮ್ಮಲ್ಲಿ ಅನೇಕರ ಮನೆಯಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಒಂದು, ರಾಯ್‌ಗೆ ಬಂದು ಕನ್ನಡ ಕಲಿಯುವುದು. ಇನ್ನೊಂದು, ಊರಿಗೆ ವಿಡಿಯೋ ಕಾಲ್ ಮಾಡುವುದು. ತರಗತಿಯಲ್ಲಿ ಕಲಿತ ಮಾತನ್ನು ನಿಜವಾಗಿ ಆಡಿ ನೋಡುವುದು ಅಜ್ಜಿ ತಾತನ ಹತ್ತಿರವೇ ಅಲ್ವಾ? ಆದರೆ ಅಜ್ಜಿ ಏನೋ ಕೇಳುತ್ತಾರೆ, ನೀವು ಉತ್ತರ ಹೇಳುವಷ್ಟರಲ್ಲಿ ಚಿತ್ರ ನಿಂತುಹೋಗುತ್ತೆ. ನಿಮ್ಮ ಮಾತು ಅರ್ಧ ಮಾತ್ರ ತಲುಪುತ್ತೆ. ಎರಡು ಮೂರು ಸಲ ಹೀಗಾದರೆ “ಆಮೇಲೆ ಮಾತಾಡೋಣ” ಅಂತ ಫೋನ್ ಇಟ್ಟುಬಿಡುತ್ತೇವೆ. ಆ “ಆಮೇಲೆ” ಎಷ್ಟೋ ಸಲ ಮುಂದಿನ ವಾರವಾಗುತ್ತೆ.

ಇಂಥ ಹೊತ್ತಿನಲ್ಲಿ ದೊಡ್ಡವರು ಸಾಮಾನ್ಯವಾಗಿ “ಹೊಸ ರೌಟರ್ ತರೋಣ” ಅನ್ನುತ್ತಾರೆ. ಸ್ವಲ್ಪ ತಡೀರಿ! ಡಾಕ್ಟರು ರೋಗ ಯಾವುದೆಂದು ನೋಡದೆ ಔಷಧಿ ಕೊಡುತ್ತಾರಾ? ಮೊದಲು ತೊಂದರೆ ಎಲ್ಲಿದೆ ಎಂದು ಹುಡುಕೋಣ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಸ್ವಲ್ಪ ತಾಳ್ಮೆ.

ನಿಮ್ಮ ಮನೆಯ ಪುಟ್ಟ ರೇಡಿಯೋ ಕೇಂದ್ರ

1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಒಂದು ಚಿಕ್ಕ ರೇಡಿಯೋ ಕೇಂದ್ರ ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಮುಂದೆ ಇಡೀ ಭಾರತದ ರೇಡಿಯೋಗೂ ಅದೇ ಹೆಸರಾಯಿತು. ನಿಮ್ಮ ಮನೆಯ ರೌಟರ್ ಕೂಡ ಅಂಥದೇ ಒಂದು ಪುಟ್ಟ ರೇಡಿಯೋ ಕೇಂದ್ರ. ವ್ಯತ್ಯಾಸ ಏನೆಂದರೆ, ರೌಟರ್ ಹೇಳುವುದೂ ಉಂಟು, ಕೇಳುವುದೂ ಉಂಟು. ನಿಮ್ಮ ಫೋನಿಗೂ ಅದಕ್ಕೂ ನಡುವೆ ಕಣ್ಣಿಗೆ ಕಾಣದ ರೇಡಿಯೋ ತರಂಗಗಳು ಓಡಾಡುತ್ತಲೇ ಇರುತ್ತವೆ.

ಅಜ್ಜಿಯ ಫೋನಿನವರೆಗೆ ನಿಮ್ಮ ಮಾತು ಹೋಗಬೇಕಾದರೆ ಮೂರು ದಾರಿ ದಾಟಬೇಕು. ಮೊದಲನೆಯದು, ಫೋನಿನಿಂದ ರೌಟರ್‌ವರೆಗೆ. ಇದೇ ವೈಫೈ. ಎರಡನೆಯದು, ರೌಟರ್‌ನಿಂದ ಕಂಪನಿಯವರೆಗೆ. ಇದು ಕೆಲವರ ಮನೆಯಲ್ಲಿ ಫೈಬರ್ ತಂತಿ, ಇನ್ನು ಕೆಲವರ ಮನೆಯಲ್ಲಿ ಸಿಮ್ ಹಾಕಿದ ರೌಟರ್‌ನಿಂದ ಮೊಬೈಲ್ ಟವರ್‌ಗೆ. ಮೂರನೆಯದು, ಕುವೈತ್‌ನಿಂದ ಭಾರತದವರೆಗೆ, ಬಹುಪಾಲು ಸಮುದ್ರದ ತಳದಲ್ಲಿ ಹಾಸಿದ ಕೇಬಲ್‌ಗಳಲ್ಲಿ. ಯಾವ ದಾರಿ ಕಟ್ಟಿದರೂ ನಮಗೆ ಕಾಣುವುದು ಒಂದೇ: ನಿಂತುಹೋದ ಚಿತ್ರ. ಊರಿನಲ್ಲಿ ನಲ್ಲಿಯಲ್ಲಿ ನೀರು ಬರದಿದ್ದರೆ ಏನು ಮಾಡುತ್ತೇವೆ? ನಲ್ಲಿ ಕೆಟ್ಟಿದೆಯೋ, ಟ್ಯಾಂಕ್ ಖಾಲಿಯೋ, ಬೀದಿಯಲ್ಲೇ ನೀರು ಬಿಟ್ಟಿಲ್ಲವೋ ಎಂದು ಒಂದೊಂದಾಗಿ ನೋಡುತ್ತೇವೆ. ಇಲ್ಲೂ ಅಷ್ಟೇ.

ಮೊದಲ ಹೆಜ್ಜೆ: ನಾಲ್ಕು ಪ್ರಶ್ನೆ

ತೊಂದರೆ ಬಂದಾಗ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ಒಂದೇ ಫೋನಿಗೆ ತೊಂದರೆಯೋ, ಎಲ್ಲಕ್ಕೂ ಇದೆಯೋ?
2. ಒಂದೇ ಕೋಣೆಯಲ್ಲೋ, ಇಡೀ ಮನೆಯಲ್ಲೋ?
3. ಒಂದೇ ಆ್ಯಪ್‌ನಲ್ಲೋ, ಎಲ್ಲದರಲ್ಲೂ ಇದೆಯೋ?
4. ಯಾವಾಗಲೂ ಹೀಗೋ, ನಿರ್ದಿಷ್ಟ ಹೊತ್ತಿಗೆ ಮಾತ್ರವೋ?

ಒಂದೇ ಫೋನಿಗೆ ತೊಂದರೆ ಇದ್ದರೆ ರೌಟರ್ ಮುಟ್ಟಬೇಡಿ. ಆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಎಲ್ಲ ಫೋನಿಗೂ ತೊಂದರೆ ಇದ್ದರೆ ಎರಡನೆಯ ಹೆಜ್ಜೆಗೆ ಬನ್ನಿ.

ಇಲ್ಲಿ ಒಂದು ಗೊಂದಲ ಬರುತ್ತೆ. “ಯೂಟ್ಯೂಬ್ ಚೆನ್ನಾಗಿ ಬರ್ತಿದೆ, ಕಾಲ್ ಮಾತ್ರ ನಿಲ್ಲುತ್ತೆ, ಯಾಕೆ?” ಯೂಟ್ಯೂಬ್ ಮುಂದಿನ ಸ್ವಲ್ಪ ಭಾಗವನ್ನು ಮೊದಲೇ ತಂದು ಇಟ್ಟುಕೊಂಡಿರುತ್ತೆ. ಡಬ್ಬಿಯಲ್ಲಿ ಚಕ್ಕುಲಿ ಇಟ್ಟುಕೊಂಡ ಹಾಗೆ. ಒಂದೆರಡು ಸೆಕೆಂಡ್ ಇಂಟರ್ನೆಟ್ ನಿಂತರೂ ಡಬ್ಬಿಯಿಂದ ತೆಗೆದು ಕೊಡುತ್ತೆ. ಆದರೆ ಅಜ್ಜಿ ಇನ್ನೂ ಆಡದ ಮಾತನ್ನು ಮೊದಲೇ ತಂದಿಡಲು ಆಗುತ್ತಾ? ಹಾಗಾಗಿ ಸಣ್ಣ ತಡೆ ಬಂದರೂ ಕಾಲ್‌ನಲ್ಲಿ ಗೊತ್ತಾಗಿಬಿಡುತ್ತೆ. ಯೂಟ್ಯೂಬ್ ಬರುತ್ತಿದೆ ಅಂದ ಮಾತ್ರಕ್ಕೆ ಸಂಪರ್ಕ ಸರಿಯಿದೆ ಎಂದು ತಿಳಿಯಬೇಡಿ.

ಎರಡನೆಯ ಹೆಜ್ಜೆ: ರೌಟರ್ ಪಕ್ಕ ನಿಲ್ಲಿ

ರೌಟರ್‌ನಿಂದ ಎರಡು ಮೀಟರ್ ದೂರದಲ್ಲಿ ನಿಂತು ಕಾಲ್ ಮಾಡಿ ನೋಡಿ. ಅಲ್ಲಿ ಚೆನ್ನಾಗಿದ್ದು, ನಿಮ್ಮ ಕೋಣೆಯಲ್ಲಿ ಮಾತ್ರ ಕೆಟ್ಟಿದ್ದರೆ ತೊಂದರೆ ಮೊದಲನೆಯ ದಾರಿಯಲ್ಲಿದೆ. ಅದನ್ನು ನೀವೇ ಸರಿಮಾಡಬಹುದು. ರೌಟರ್ ಪಕ್ಕದಲ್ಲೂ ಕೆಟ್ಟಿದ್ದರೆ ತೊಂದರೆ ಹೆಚ್ಚಾಗಿ ರೌಟರ್‌ನಲ್ಲಿ ಅಥವಾ ಅದರಾಚೆ ಇದೆ. ಆಗ ರೌಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಹಿಂದೆ ಇರುವ ಚಿಕ್ಕ ‘ರೀಸೆಟ್’ ಗುಂಡಿಯನ್ನು ಮಾತ್ರ ಒತ್ತಬೇಡಿ! ಅದನ್ನು ಒತ್ತಿ ಹಿಡಿದರೆ ಪಾಸ್‌ವರ್ಡ್ ಸೇರಿ ಎಲ್ಲ ಹೊಂದಾಣಿಕೆಯೂ ಅಳಿಸಿಹೋಗುತ್ತೆ.

ಮೂರನೆಯ ಹೆಜ್ಜೆ: ಜಾಗ ಬದಲಿಸಿ

ರಾಯ್‌ನಲ್ಲಿ ತಗಡಿನ ದೊಡ್ಡ ಗೋದಾಮುಗಳನ್ನು ನೋಡಿದ್ದೀರಿ. ಅಂಥ ಕಡೆ ಒಳಗೆ ಹೋದರೆ ಫೋನಿನ ಸಿಗ್ನಲ್ ಕಡಿಮೆಯಾಗುತ್ತೆ. ಲೋಹ ರೇಡಿಯೋ ತರಂಗವನ್ನು ಕನ್ನಡಿಯಂತೆ ಹಿಂದಕ್ಕೆ ತಳ್ಳುತ್ತದೆ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಗೋಡೆಯೂ ತುಂಬ ತಡೆಯುತ್ತದೆ. ನೀರು ಹೀರಿಕೊಳ್ಳುತ್ತದೆ. ಹಾಗಾದರೆ ರೌಟರ್ ಅನ್ನು ಕಬ್ಬಿಣದ ಬೀರುವಿನ ಮೇಲೆ, ಟಿವಿಯ ಹಿಂದೆ, ಫ್ರಿಜ್ ಪಕ್ಕ, ಮೀನಿನ ತೊಟ್ಟಿಯ ಹತ್ತಿರ ಇಡಬಾರದು ಏಕೆಂದು ನೀವೇ ಹೇಳಿ! ಮನೆಯ ನಡುಭಾಗದಲ್ಲಿ, ತೆರೆದ ಜಾಗದಲ್ಲಿ, ನಿಮ್ಮ ಎತ್ತರಕ್ಕಿಂತ ಸ್ವಲ್ಪ ಮೇಲೆ ಇಟ್ಟರೆ ಒಳ್ಳೆಯದು.

ಸಿಮ್ ಹಾಕುವ ರೌಟರ್ ಇದ್ದವರಿಗೆ ಇನ್ನೊಂದು ವಿಷಯ. ಅದು ಟವರ್ ಮಾತನ್ನೂ ಕೇಳಬೇಕು. ಹಾಗಾಗಿ ಕಿಟಕಿ ಹತ್ತಿರ ಇಟ್ಟರೆ ಅನುಕೂಲ. ಬೇರೆ ಬೇರೆ ಕಿಟಕಿಗಳ ಬಳಿ ಇಟ್ಟು ನೋಡಿ, ಒಂದು ಕಿಟಕಿಗೂ ಇನ್ನೊಂದಕ್ಕೂ ತುಂಬ ವ್ಯತ್ಯಾಸ ಇರಬಹುದು. ಆದರೆ ನಮ್ಮ ಕುವೈತ್‌ನ ಬಿಸಿಲು ಗೊತ್ತಲ್ಲ! 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ತಾಪಮಾನ ದಾಖಲಾಗಿತ್ತು. ನೇರ ಬಿಸಿಲಿಗೆ ಇಟ್ಟ ರೌಟರ್ ಕಾದು ನಿಧಾನವಾಗಬಹುದು, ನಿಂತೂ ಹೋಗಬಹುದು. ಕಿಟಕಿ ಪಕ್ಕದ ನೆರಳಿನಲ್ಲಿ ಇಡಿ. ಧೂಳಿನ ಗಾಳಿ ಬೀಸಿದ ಮೇಲೆ ಅದರ ಗಾಳಿಕಂಡಿಗಳನ್ನು ಒಣ ಬಟ್ಟೆಯಿಂದ ಒರೆಸಿ. ಒದ್ದೆ ಬಟ್ಟೆ ಬೇಡ. ಒರೆಸುವ ಮೊದಲು ಪ್ಲಗ್ ತೆಗೆಯಲು ದೊಡ್ಡವರಿಗೆ ಹೇಳಿ.

ನಾಲ್ಕನೆಯ ಹೆಜ್ಜೆ: ಸಂತೆಯ ಗದ್ದಲ

ರಾಯ್‌ನ ಶುಕ್ರವಾರದ ಸಂತೆಗೆ ಹೋಗಿದ್ದೀರಾ? ಹತ್ತು ಜನ ಒಟ್ಟಿಗೆ ಕೂಗಿದರೆ ಯಾರ ಮಾತೂ ಸರಿಯಾಗಿ ಕೇಳುವುದಿಲ್ಲ. ನಮ್ಮ ಕಟ್ಟಡಗಳಲ್ಲೂ ಹಾಗೇ. ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್ ಎಲ್ಲೇ ಇರಲಿ, ಒಂದೊಂದು ಫ್ಲಾಟ್‌ನಲ್ಲೂ ಒಂದೊಂದು ರೌಟರ್. ನಿಮ್ಮ ಫೋನಿನಲ್ಲಿ ವೈಫೈ ಹೆಸರುಗಳ ಪಟ್ಟಿ ತೆರೆದು ಎಣಿಸಿ ನೋಡಿ.

ವೈಫೈಗೆ ಮುಖ್ಯವಾಗಿ ಎರಡು ಬೀದಿಗಳಿವೆ. ಒಂದು 2.4 ಗಿಗಾಹರ್ಟ್ಸ್. ಇದು ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತೆ, ದೂರ ಹೋಗುತ್ತೆ, ಆದರೆ ವೇಗ ಕಡಿಮೆ, ಗದ್ದಲ ಜಾಸ್ತಿ. ಬ್ಲೂಟೂತ್ ಓಡಾಡುವುದೂ ಇದೇ ಬೀದಿಯಲ್ಲಿ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಇಲ್ಲೇ. ಅಮ್ಮ ಸಾರು ಬಿಸಿಮಾಡುವಾಗಲೇ ಕಾಲ್ ಕಡಿದುಹೋಗುತ್ತಿದ್ದರೆ ಕಾರಣ ಸಿಕ್ಕಿತು! ಇನ್ನೊಂದು 5 ಗಿಗಾಹರ್ಟ್ಸ್. ಇಲ್ಲಿ ವೇಗ ಹೆಚ್ಚು, ಗದ್ದಲ ಕಡಿಮೆ, ಆದರೆ ಗೋಡೆ ಕಂಡರೆ ಬೇಗ ಸೋಲುತ್ತೆ. ರೌಟರ್ ಇರುವ ಕೋಣೆಯಲ್ಲೇ ಕುಳಿತರೆ ಇದನ್ನು ಆರಿಸಿ, ಎರಡು ಗೋಡೆ ಆಚೆ ಇದ್ದರೆ ಮೊದಲನೆಯದನ್ನು ನೋಡಿ.

ವೈಫೈ ಹೆಸರಿನ ಕೊನೆಯಲ್ಲಿ ‘5ಜಿ’ ಎಂದಿದ್ದರೆ ಅದು ಸಾಮಾನ್ಯವಾಗಿ ಈ 5 ಗಿಗಾಹರ್ಟ್ಸ್ ಬೀದಿ. 2019ರಲ್ಲಿ ಕುವೈತ್‌ನಲ್ಲಿ ಶುರುವಾದ 5ಜಿ ಮೊಬೈಲ್ ಸೇವೆಯೇ ಬೇರೆ. ಅಲ್ಲಿ ‘ಜಿ’ ಅಂದರೆ ತಲೆಮಾರು.

2.4ರ ಬೀದಿಯಲ್ಲಿ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಒಂದಕ್ಕೊಂದು ತಾಗದೆ ಇರುವುದು 1, 6 ಮತ್ತು 11. ಅಕ್ಕಪಕ್ಕದವರು ಹೆಚ್ಚಾಗಿ 6ರಲ್ಲಿದ್ದರೆ ನೀವು 1 ಅಥವಾ 11ಕ್ಕೆ ಹೋಗಬಹುದು. ಈ ಬದಲಾವಣೆಯನ್ನು ಅಪ್ಪ ಅಮ್ಮನ ಜೊತೆ ಕುಳಿತೇ ಮಾಡಿ.

ಐದನೆಯ ಹೆಜ್ಜೆ: ಅಳೆದು ಬರೆಯಿರಿ

ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳಲ್ಲಿ −50, −70 ಎಂಬ ಋಣ ಸಂಖ್ಯೆಗಳು ಕಾಣುತ್ತವೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಇದರ ಲೆಕ್ಕ ಮಜವಾಗಿದೆ: 10 ಕಡಿಮೆಯಾದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾದರೆ −50ರಿಂದ −70ಕ್ಕೆ ಇಳಿದರೆ ನೂರನೇ ಒಂದು ಭಾಗ! ಸಾಮಾನ್ಯವಾಗಿ −65ರ ಆಸುಪಾಸಿನಲ್ಲಿ ವಿಡಿಯೋ ಕಾಲ್ ಚೆನ್ನಾಗಿ ನಡೆಯುತ್ತೆ, −80 ದಾಟಿದರೆ ಕಷ್ಟ.

ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪ್ರತಿ ಕೋಣೆಯ ಸಂಖ್ಯೆಯನ್ನೂ, ಇಂಟರ್ನೆಟ್ ವೇಗವನ್ನೂ ಬರೆದಿಡಿ. ನೆನಪಿಡಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಜಾಗ, ಚಾನೆಲ್, ತಂತಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದೇ ಇಲ್ಲ. ವಿಜ್ಞಾನಿಗಳು ಪ್ರಯೋಗ ಮಾಡುವುದೂ ಹೀಗೆಯೇ.

ಪೋಷಕರಿಗೆ ಎರಡು ಮಾತು

ಸಿಗ್ನಲ್ ವಿಸ್ತರಿಸುವ ಉಪಕರಣ ಕೊಂಡರೆ ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ. ತನಗೇ ಕೇಳಿಸದ ಮಾತನ್ನು ಅದು ಮುಂದೆ ಹೇಗೆ ದಾಟಿಸೀತು? ರೌಟರ್‌ಗೂ ಆ ಕೋಣೆಗೂ ನಡುದಾರಿಯಲ್ಲಿ ಇಡಿ. ಇನ್ನೊಂದು, ಕಂಪನಿಗೆ ದೂರು ಕೊಡುವಾಗ “ನೆಟ್ ಸರಿಯಿಲ್ಲ” ಎನ್ನುವ ಬದಲು ಮಗುವಿನ ನೋಟ್‌ಬುಕ್ ಹಿಡಿದು ಮಾತಾಡಿ. “ರೌಟರ್ ಪಕ್ಕದಲ್ಲೇ, ತಂತಿ ಹಾಕಿ ನೋಡಿದರೂ, ಏಳು ದಿನವೂ ರಾತ್ರಿ ಎಂಟರಿಂದ ಹತ್ತರವರೆಗೆ ಹೀಗಿದೆ” ಎಂದರೆ ಮಾತಿಗೆ ತೂಕ ಬರುತ್ತದೆ.

ಕೆಲವು ಸಲ ತಪ್ಪು ನಮ್ಮ ಮನೆಯದೂ ಅಲ್ಲ, ಕಂಪನಿಯದೂ ಅಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಕೊಲ್ಲಿ ದೇಶಗಳಲ್ಲೂ ಇಂಟರ್ನೆಟ್ ಕುಂಟಿತು. ಅಂಥ ದಿನ ರೌಟರ್ ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ. ಮಾಮೂಲಿ ಫೋನ್ ಕಾಲ್ ಮಾಡಿ, ಮಾತು ನಿಲ್ಲಿಸಬೇಡಿ.

ಹೊಸ ಪದಗಳು

ತರಂಗ – ಅಲೆ
ನಿಸ್ತಂತು – ತಂತಿ ಇಲ್ಲದ
ಅಡಚಣೆ – ತಡೆ, ತೊಂದರೆ
ಋಣ ಸಂಖ್ಯೆ – ಸೊನ್ನೆಗಿಂತ ಕಡಿಮೆ ಇರುವ ಸಂಖ್ಯೆ

ಯೋಚಿಸಿ ಉತ್ತರಿಸಿ

1. ರವಿಯ ಮನೆಯಲ್ಲಿ ಹಾಲ್‌ನಲ್ಲಿ ಕಾಲ್ ಚೆನ್ನಾಗಿದೆ, ಮಲಗುವ ಕೋಣೆಯಲ್ಲಿ ನಿಲ್ಲುತ್ತೆ. ತೊಂದರೆ ಯಾವ ದಾರಿಯಲ್ಲಿ?
2. ಸೀಮಾಳ ಮನೆಯಲ್ಲಿ ಎಲ್ಲ ಕೋಣೆಯಲ್ಲೂ, ರಾತ್ರಿ ಹೊತ್ತು ಮಾತ್ರ ನಿಧಾನ. ಅವಳು ಮೊದಲು ಎಲ್ಲಿ ನಿಂತು ಪರೀಕ್ಷಿಸಬೇಕು?
3. ಕುವೈತ್‌ನಲ್ಲಿ ರಾತ್ರಿ 8 ಗಂಟೆಯಾದಾಗ ಊರಿನಲ್ಲಿ ಎಷ್ಟು ಗಂಟೆ? ಅಜ್ಜಿಗೆ ಆ ಹೊತ್ತಿಗೆ ಕಾಲ್ ಮಾಡಬಹುದೇ?
4. ರೇಡಿಯೋ ತರಂಗ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಓಡುತ್ತದೆ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಅಲೆ. ಒಂದು ಅಲೆಯ ಉದ್ದ ಎಷ್ಟು?

ಉತ್ತರಗಳು: 1. ಮೊದಲನೆಯ ದಾರಿ, ಫೋನಿನಿಂದ ರೌಟರ್‌ವರೆಗೆ. 2. ರೌಟರ್ ಪಕ್ಕದಲ್ಲಿ, ರಾತ್ರಿ ಹೊತ್ತಿನಲ್ಲೇ. 3. ಹತ್ತೂವರೆ ಗಂಟೆ. ಅಜ್ಜಿ ಮಲಗಿರಬಹುದು, ಸ್ವಲ್ಪ ಬೇಗ ಮಾಡಿ! 4. 30 ÷ 240 = 0.125 ಮೀಟರ್, ಅಂದರೆ ಹನ್ನೆರಡೂವರೆ ಸೆಂಟಿಮೀಟರ್.